ಸಂಶೋಧನ ಸಮ್ಮೇಳನಕ್ಕೆ ಹೋಗುವವರು ಯಾರು?

ಪ್ರತಿವರ್ಷ ವಾರ್ಷಿಕೋತ್ಸವದ ದಿನ ಹೆಚ್ಚು ಅಂಕ ಗಳಿಸಿದ ಮಕ್ಕಳನ್ನು ವೇದಿಕೆಗೆ ಕರೆದು ಗೌರವಿಸುವುದು ನಮ್ಮ ಸಂಘದ ಪದ್ಧತಿ. ಅದು ಸ್ತುತ್ಯವಾದುದೇ. ಕಳೆದ ಬಾರಿ ಬಹುಮಾನ ಪಡೆದು ಇಳಿದುಬಂದ ಆಂಟಾಪ್ ಹಿಲ್‌ನ ನಮ್ಮ ನೆರೆಮನೆಯ ಹುಡುಗಿಯನ್ನು, “ಈ ವರ್ಷ ‘ಆವಿಷ್ಕಾರ್’ಗೆ ಹೆಸರು ಕೊಟ್ಟಿದ್ದೀಯಾ?” ಎಂದು ಕೇಳಿದೆ. ಆಕೆ ಬಿ. ಕಾಂ. ಎರಡನೆಯ ವರ್ಷದ ವಿದ್ಯಾರ್ಥಿನಿ. “ಅದು ಸೈನ್ಸ್‌ನವರಿಗಲ್ಲವೇ ಅಂಕಲ್? ಅಲ್ಲದೆ ಸಂಜೆ ನನಗೆ ಟ್ಯೂಷನ್ ಹೇಳಿಕೊಡುವುದಿದೆ” ಎಂದಳು. ಈ ಉತ್ತರದಲ್ಲಿ ನಾವೆಲ್ಲ ಆಲೋಚಿಸಬೇಕಾದ ಎರಡು ಸಂಗತಿಗಳಿವೆ.

‘ಆವಿಷ್ಕಾರ್’ ಎಂಬುದು ಮಹಾರಾಷ್ಟ್ರದ ವಿಶ್ವವಿದ್ಯಾನಿಲಯಗಳ ವಿದ್ಯಾರ್ಥಿಗಳಿಗಾಗಿ 2006ರಲ್ಲಿ ಆರಂಭವಾದ ಸಂಶೋಧನ ಸಮ್ಮೇಳನ. ಆಗ ರಾಜ್ಯಪಾಲರಾಗಿ, ಆ ಸ್ಥಾನದ ನಿಮಿತ್ತ ವಿಶ್ವವಿದ್ಯಾನಿಲಯಗಳ ಕುಲಾಧಿಪತಿಗಳೂ ಆಗಿದ್ದವರು ನಮ್ಮವರೇ ಆದ ಎಸ್. ಎಂ. ಕೃಷ್ಣ ಎಂಬುದು ಕನ್ನಡಿಗರಿಗೆ ಸಂತೋಷದ ವಿಷಯ. ಅದರಲ್ಲಿ ಶುದ್ಧ ವಿಜ್ಞಾನ, ಇಂಜಿನಿಯರಿಂಗ್, ವೈದ್ಯಕೀಯ, ಕೃಷಿ ಇವುಗಳ ಜೊತೆಗೆ ಭಾಷೆ ಮತ್ತು ಮಾನವಿಕಗಳ ವಿಭಾಗವಿದೆ; ವಾಣಿಜ್ಯ, ವ್ಯವಸ್ಥಾಪನೆ ಹಾಗೂ ಕಾನೂನಿಗೆ ಪ್ರತ್ಯೇಕ ವಿಭಾಗವೂ ಇದೆ. ಪದವಿ ತರಗತಿಯವರಿಗೆ ಬೇರೆಯೇ ಸ್ಪರ್ಧೆ. ಹೀಗಿದ್ದೂ ನಮ್ಮ ಹುಡುಗಿಗೆ ಅದು ತನ್ನದಲ್ಲವೆಂದು ತೋರಿತು. ಬಾಗಿಲು ತೆರೆದಿದ್ದರೂ ಒಳಗೆ ಬಾ ಎಂದು ಹೆಸರು ಹಿಡಿದು ಕರೆದವರಿಲ್ಲ.

ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ಪರಿಶೀಲಿಸುವ ನಮಗೆ ಬಂದ ಅರ್ಜಿಗಳ ಲೆಕ್ಕ ಸಿಗುತ್ತದೆ. ಬಾರದೆ ಉಳಿದ ಅರ್ಜಿಗಳಿಗೆ ಕಡತವೇ ಇರುವುದಿಲ್ಲ. ಸಮ್ಮೇಳನಗಳ ವಿಷಯವೂ ಹಾಗೆಯೇ. ಬಹುಮಾನಿತರ ಭಾವಚಿತ್ರಗಳನ್ನು ನಾವು ನೋಡುತ್ತೇವೆ. ಕೆಲಸಕ್ಕೆ ಹೋಗಬೇಕಾದವನು, ಮನೆಯ ರೋಗಿಯನ್ನು ನೋಡಿಕೊಳ್ಳಬೇಕಾದವಳು, ಇಂಗ್ಲಿಷಿನಲ್ಲಿ ಮಾತನಾಡಲು ಅಳುಕುವವನು, ಇವರು ಯಾವ ಚಿತ್ರದಲ್ಲಿಯೂ ಕಾಣುವುದಿಲ್ಲ. ಭಾಗವಹಿಸಲು ಬುದ್ಧಿಗಿಂತ ಮೊದಲು ಬಿಡುವು ಬೇಕು.

ಈ ಸತ್ಯವನ್ನು ಮುಂಬಯಿ ಹಿಂದೆಯೇ ಅರಿತಿತ್ತು. ಡಾ. ಅಂಬೇಡ್ಕರರ ಪೀಪಲ್ಸ್ ಎಜುಕೇಶನ್ ಸೊಸೈಟಿ 1946ರಲ್ಲಿ ಸಿದ್ಧಾರ್ಥ ಕಾಲೇಜನ್ನು ತೆರೆದಾಗ, ದುಡಿಯುವವರಿಗೂ ಓದು ದೊರೆಯಲೆಂದು ಬೆಳಗಿನ ತರಗತಿಗಳನ್ನು ನಡೆಸಿತು. ಹಗಲು ಹೋಟೆಲುಗಳಲ್ಲಿ ದುಡಿದು ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತು ಮೇಲೆ ಬಂದ ಹಿರಿಯರು ನಮ್ಮಲ್ಲಿ ಎಷ್ಟೋ ಮಂದಿ. ಶಾಲೆ ಅವರ ವೇಳೆಗೆ ಹೊಂದಿಕೊಂಡಿತು. ಆದುದರಿಂದಲೇ ಅವರು ಕಲಿತರು. ಅಮೆರಿಕದ ಎಂ. ಐ. ಟಿ. ಸಂಸ್ಥೆಯು 1969ರಲ್ಲಿ ಪದವಿ ವಿದ್ಯಾರ್ಥಿಗಳಿಗೆ ಸಂಶೋಧನೆಯ ಯೋಜನೆಯನ್ನು ಆರಂಭಿಸಿತು. ಅಲ್ಲಿ ವಿದ್ಯಾರ್ಥಿಯು ತನ್ನ ಕೆಲಸಕ್ಕೆ ಸಂಭಾವನೆಯನ್ನಾಗಲಿ ಪಠ್ಯದ ಅಂಕಮಾನವನ್ನಾಗಲಿ ಪಡೆಯಬಹುದು. ಸಂಶೋಧನೆಯೂ ಒಂದು ದುಡಿಮೆಯೆಂದು ಒಪ್ಪಿಕೊಂಡರೆ ಬಡವನಿಗೂ ಅಲ್ಲಿ ಸ್ಥಾನವಿರುತ್ತದೆ.

“ಪರೀಕ್ಷೆ ಪಾಸಾದರೆ ಸಾಕು, ಈ ಉಸಾಬರಿ ಏಕೆ?” ಎನ್ನುವ ತಂದೆತಾಯಿಗಳಿದ್ದಾರೆ. ಶುಲ್ಕ ಪಡೆದು ಪ್ರಮಾಣಪತ್ರ ಹಂಚುವುದನ್ನೇ ಸಮ್ಮೇಳನವೆಂದು ಕರೆಯುವ ಕಡೆಗಳೂ ಇರುವುದರಿಂದ ಅವರ ಸಂಶಯವನ್ನು ತಳ್ಳಿಹಾಕಲಾಗದು. ಆದರೆ ಕಾಲ ಬದಲಾಗಿದೆ. ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2022ರ ಡಿಸೆಂಬರಿನಲ್ಲಿ ಪ್ರಕಟಿಸಿದ ಚೌಕಟ್ಟಿನಂತೆ, ಮೊದಲ ಆರು ಸೆಮಿಸ್ಟರುಗಳಲ್ಲಿ ಶೇಕಡಾ 75 ಅಂಕ ಪಡೆದವರು ನಾಲ್ಕನೆಯ ವರ್ಷದಲ್ಲಿ ಸಂಶೋಧನೆಯೊಡನೆ ಆನರ್ಸ್ ಪದವಿಯನ್ನು ಆರಿಸಿಕೊಳ್ಳಬಹುದು. ಮೂರು ವರ್ಷ ಒಂದು ಪ್ರಶ್ನೆಯನ್ನೂ ಸ್ವತಃ ಕೇಳಿ ಅಭ್ಯಾಸವಿಲ್ಲದವನು, ಅಂಕವಿದ್ದರೂ ಆ ವರ್ಷಕ್ಕೆ ಹೇಗೆ ಧೈರ್ಯ ಮಾಡಿಯಾನು?

ಸಂಶೋಧನೆಗೆ ದೊಡ್ಡ ಪ್ರಯೋಗಾಲಯವೇ ಬೇಕೆಂದಿಲ್ಲ. ಈ ಸಂಚಿಕೆಯ ಆರೋಗ್ಯ ಲೇಖನಗಳನ್ನೇ ನೋಡಿರಿ. ಮಧುಮೇಹದ ಔಷಧಿಗೆ ನಮ್ಮ ಕುಟುಂಬಗಳು ತಿಂಗಳಿಗೆ ಎಷ್ಟು ವೆಚ್ಚ ಮಾಡುತ್ತವೆ, ಜನೌಷಧಿ ಕೇಂದ್ರದಲ್ಲಿ ಅದೇ ಔಷಧಿಗೆ ಎಷ್ಟು ಉಳಿತಾಯವಾದೀತು, ಆರೋಗ್ಯ ವಿಮೆ ಎಷ್ಟು ಮನೆಗಳಲ್ಲಿದೆ, ಇವೆಲ್ಲ ವಾಣಿಜ್ಯ ವಿದ್ಯಾರ್ಥಿಯ ಪ್ರಶ್ನೆಗಳೇ. ಕನ್ನಡ ತಿಳಿದ ಹುಡುಗಿಗೆ ನಮ್ಮ ಅಜ್ಜಿಯಂದಿರು ಬಿಚ್ಚುಮನಸ್ಸಿನಿಂದ ಹೇಳುವ ಉತ್ತರ, ಹೊರಗಿನ ವಿದ್ವಾಂಸನಿಗೆ ಸುಲಭವಾಗಿ ದೊರೆಯದು.

ಆದುದರಿಂದ ಸಂಘಕ್ಕೆ ನನ್ನ ವಿನಮ್ರ ಸೂಚನೆ ಇಷ್ಟು. ಬಹುಮಾನದ ಹಣದಲ್ಲಿ ಒಂದಂಶವನ್ನು ಇಂಥ ಅಧ್ಯಯನ ಮಾಡುವವರ ಬಸ್ಸು ಖರ್ಚಿಗೆ, ಭಿತ್ತಿಪತ್ರದ ಮುದ್ರಣಕ್ಕೆ, ಬಿಟ್ಟ ಟ್ಯೂಷನ್ನಿನ ನಷ್ಟಕ್ಕೆ ತೆಗೆದಿರಿಸೋಣ. ನಮ್ಮಲ್ಲಿರುವ ವೈದ್ಯರು, ಲೆಕ್ಕಪರಿಶೋಧಕರು, ಅಧ್ಯಾಪಕರು ತಲಾ ಒಬ್ಬ ವಿದ್ಯಾರ್ಥಿಗೆ ಭಾನುವಾರ ಎರಡು ಗಂಟೆ ಕೊಡಲಿ. ವಾಣಿಜ್ಯದ ವಿಷಯವಾದರೆ ನಾನೂ ಸಿದ್ಧನಿದ್ದೇನೆ. ಅವರ ಬರಹ ಮುಂದಿನ ಸಂಚಿಕೆಯಲ್ಲಿ ಅಚ್ಚಾಗಲಿ.

ನೆರೆಮನೆಯ ಹುಡುಗಿಗೆ ‘ಆವಿಷ್ಕಾರ್’ದ ವಾಣಿಜ್ಯ ವಿಭಾಗದ ವಿಷಯ ತಿಳಿಸಿದ್ದೇನೆ. “ಟ್ಯೂಷನ್ ಬಿಡಲಾಗದು ಅಂಕಲ್, ಆದರೆ ಭಾನುವಾರ ಬರುತ್ತೇನೆ” ಎಂದಿದ್ದಾಳೆ. ಆ ಭಾನುವಾರವನ್ನು ಒದಗಿಸಿಕೊಡುವುದು ನಮ್ಮ ಕರ್ತವ್ಯ.