ಹಡಗಿನಿಂದಿಳಿದ ಅತಿಥಿಗೆ ಊರು ತೋರಿಸುವವರು ಯಾರು?

ಮಳೆಗಾಲ ಕಳೆದು ಕಡಲು ತಣ್ಣಗಾಯಿತೆಂದರೆ ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶದ ಪ್ರವಾಸಿ ಹಡಗುಗಳು ಬರತೊಡಗುತ್ತವೆ. ನವೆಂಬರಿನಿಂದ ಬೇಸಗೆಯ ತನಕ ಇವುಗಳ ಹಂಗಾಮು. ಮರುದಿನ ಪತ್ರಿಕೆಗಳಲ್ಲಿ ಬರುವ ವರದಿಯನ್ನು ನಮ್ಮ ವಾಚಕರು ಓದದೆಯೇ ಹೇಳಬಲ್ಲರು. ಹಡಗಿನ ಹೆಸರು, ಪ್ರಯಾಣಿಕರೆಷ್ಟು, ಸಿಬ್ಬಂದಿ ಎಷ್ಟು, ಯಕ್ಷಗಾನದ ವೇಷ ನಿಲ್ಲಿಸಿ ಸ್ವಾಗತಿಸಿದ್ದು; ಅನಂತರ ಕಾರ್ಕಳದ ಗೊಮ್ಮಟ, ಮೂಡಬಿದಿರೆಯ ಸಾವಿರ ಕಂಬದ ಬಸದಿ, ಗೇರುಬೀಜದ ಕಾರ್ಖಾನೆ, ಕುದ್ರೋಳಿ ದೇವಸ್ಥಾನ, ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್, ಮಾರುಕಟ್ಟೆ; ಸಂಜೆಗೆ ಹಡಗು ಲಂಗರು ಎತ್ತಿತು. ಬಂದವರು ಸಂತೋಷಪಟ್ಟರೆಂಬ ಒಂದು ವಾಕ್ಯ ಕೊನೆಯಲ್ಲಿ ಇದ್ದೇ ಇರುತ್ತದೆ.

ಸಂತೋಷಪಟ್ಟಿರಬಹುದು. ನಮಗೇನೂ ಹೊಟ್ಟೆಯುರಿಯಿಲ್ಲ. ಕಡಲ ಮೇಲಿಂದ ಬಂದವರನ್ನು ಆದರಿಸುವುದು ಈ ಊರಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಬೆನ್ ಯಿಜು ಎಂಬ ಯೆಹೂದಿ ವರ್ತಕ ಅರಬೀ ಸಮುದ್ರ ದಾಟಿ ಬಂದು ಮಂಗಳೂರಿನಲ್ಲಿ ಹಲವು ವರ್ಷ ನೆಲೆಸಿದ್ದ. ಇಲ್ಲಿಯೇ ಕಂಚಿನ ಪಾತ್ರೆಗಳ ಕಮ್ಮಟ ನಡೆಸಿದ, ಇಲ್ಲಿಯ ಹೆಣ್ಣಿನೊಡನೆ ಸಂಸಾರ ಮಾಡಿದ; ಅವನ ವ್ಯಾಪಾರದ ಪತ್ರಗಳು ಕೈರೋ ಪಟ್ಟಣದ ಹಳೆಯ ಯೆಹೂದಿ ಮಂದಿರವೊಂದರಲ್ಲಿ ಉಳಿದು ಈಗಿನವರಿಗೂ ಓದಲು ಸಿಕ್ಕಿವೆ. 1342ರ ಸುಮಾರಿಗೆ ಬಂದ ಇಬ್ನ್ ಬತೂತ ಇಲ್ಲಿ ಪಾರಸ ಮತ್ತು ಯೆಮನ್ ದೇಶಗಳ ವರ್ತಕರನ್ನೂ ಮೆಣಸು ಶುಂಠಿಗಳ ಸಮೃದ್ಧಿಯನ್ನೂ ಕಂಡು ಬರೆದಿಟ್ಟ. ಇವರೆಲ್ಲ ಪೇಟೆಯೊಳಗೆ ಇಳಿದು, ಪೇಟೆಯವರೊಡನೆ ಚೌಕಾಶಿ ಮಾಡಿದವರು. ಇಂದಿನ ಅತಿಥಿ ಹಾಗಲ್ಲ. ಅವನನ್ನು ಹಡಗಿನ ಏಣಿಯಿಂದ ನೇರವಾಗಿ ಹವಾನಿಯಂತ್ರಿತ ಬಸ್ಸಿಗೆ ಹತ್ತಿಸುತ್ತಾರೆ. ಬಸ್ಸಿನ ಗಾಜಿನಾಚೆ ಊರು ಸರಿದುಹೋಗುತ್ತದೆ.

ಈ ಪ್ರವಾಸದ ಲೆಕ್ಕವನ್ನು ಸ್ವಲ್ಪ ನೋಡೋಣ. ಹಡಗು ಬೆಳಿಗ್ಗೆ ಬಂದು ಸಂಜೆ ಹೊರಡುತ್ತದೆ. ಇಳಿಯುವ, ಹತ್ತುವ, ಕಾಗದಪತ್ರ ತೋರಿಸುವ ಹೊತ್ತನ್ನು ಕಳೆದರೆ ಕೈಯಲ್ಲಿ ಉಳಿಯುವುದು ಆರೇಳು ಗಂಟೆ. ಬಂದರಿನಿಂದ ಕಾರ್ಕಳಕ್ಕೆ ಹತ್ತಿರ ಹತ್ತಿರ 50 ಕಿಲೋಮೀಟರು. ಹೋಗಿ ಬರುವುದರಲ್ಲೇ ಮೂರು ಗಂಟೆ ರಸ್ತೆಯ ಪಾಲು. 1432ರಲ್ಲಿ ನಿಂತ ಸುಮಾರು 42 ಅಡಿಯ ಗೊಮ್ಮಟನನ್ನೂ, ಅದಕ್ಕೆ ಎರಡು ವರ್ಷ ಮುಂಚಿನ ಮೂಡಬಿದಿರೆಯ ಬಸದಿಯನ್ನೂ ನೋಡಬೇಡಿರೆಂದು ಯಾರು ಹೇಳಿಯಾರು? ಅದರ ಕಂಬಗಳಲ್ಲಿ ಒಂದರಂತೆ ಇನ್ನೊಂದಿಲ್ಲವೆಂದು ಹೇಳುವುದುಂಟು, ನೋಡತಕ್ಕದ್ದೇ. ಆದರೆ ಈ ತಿರುಗಾಟದ ಚೀಟಿ ಮಾರಾಟವಾಗುವುದು ಹಡಗಿನ ಮೇಲೆಯೇ, ಡಾಲರಿನಲ್ಲಿ ಇಲ್ಲವೇ ಯೂರೋದಲ್ಲಿ. ಹಡಗಿನ ಕಂಪನಿ ತನ್ನ ಪಾಲು ಹಿಡಿದುಕೊಂಡು ಮಿಕ್ಕದ್ದನ್ನು ದೊಡ್ಡ ಪಟ್ಟಣದ ಏಜೆಂಟನಿಗೆ ಕೊಡುತ್ತದೆ, ಅವನು ತನ್ನದನ್ನು ತೆಗೆದುಕೊಂಡು ಬಸ್ಸಿನವನಿಗೆ ಕೊಡುತ್ತಾನೆ. ಊಟ ಹಡಗಿನಲ್ಲಿ, ಹಾಸಿಗೆ ಹಡಗಿನಲ್ಲಿ, ಮದ್ಯ ಹಡಗಿನಲ್ಲಿ, ಅಂಗಡಿಯೂ ಹಡಗಿನಲ್ಲಿಯೇ ಇದೆ. ಹೀಗಿರುವಾಗ ಹಂಪನಕಟ್ಟೆಯ ಅಂಗಡಿಯವನ ಗಲ್ಲಾಕ್ಕೆ ಬಂದು ಬೀಳುವುದೇನು? ಮಾರುಕಟ್ಟೆಗೆಂದು ಬಿಟ್ಟುಕೊಟ್ಟ ಇಪ್ಪತ್ತು ನಿಮಿಷದಲ್ಲಿ ಒಬ್ಬಾಕೆ ಕೊಂಡ ಒಂದು ಪೊಟ್ಟಣ ಮೆಣಸು.

ಕಳೆದ ಹಂಗಾಮಿನಲ್ಲಿ ನಾವೇ ಕಂಡದ್ದೊಂದನ್ನು ಹೇಳುತ್ತೇವೆ. ಹೂವಿನ ಕಟ್ಟೆಯೊಂದರ ಮುಂದೆ ವಯಸ್ಸಾದ ಪರದೇಶದ ದಂಪತಿಗಳು ನಿಂತಿದ್ದರು. ಹೂವಿನವರು ಶಂಕರಪುರದ ಮಲ್ಲಿಗೆಯನ್ನು ಬಾಳೆನಾರಿನಲ್ಲಿ ಕಟ್ಟಿ ಚೆಂಡು ಮಾಡಿಟ್ಟಿದ್ದರು. ಚೆಂಡಿಗೆ 800 ಹೂವು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂಬ ಲೆಕ್ಕವನ್ನು ನಮ್ಮ ಹೂವಿನಾತ ಬೆರಳು ಮಡಚಿ ತೋರಿಸುತ್ತಿದ್ದರೆ ಆ ಅಜ್ಜಿ ಬಾಯಿ ಬಿಟ್ಟು ಕೇಳುತ್ತಿದ್ದಳು. ಒಂದು ಚೆಂಡು ಕೈಗೆ ತೆಗೆದುಕೊಂಡೂ ಆಗಿತ್ತು. ಅಷ್ಟರಲ್ಲಿ ಕೊಡೆ ಎತ್ತಿ ಹಿಡಿದಿದ್ದ ಮಾರ್ಗದರ್ಶಿ, ಬಸ್ಸು ಹೊರಡುತ್ತದೆಂದು ಅವಸರಪಡಿಸಿದ. ಆಕೆ ಹೂವನ್ನು ಹಿಂದಿಟ್ಟು ಹೋದಳು. ಆ ಬಸ್ಸು ನಿಂತದ್ದು ಎಲ್ಲಿ ಎಂದು ವಿಚಾರಿಸಿದೆವು. ಕರಕುಶಲ ವಸ್ತುಗಳ ದೊಡ್ಡದೊಂದು ಮಳಿಗೆಯ ಮುಂದೆ ಮುಕ್ಕಾಲು ಗಂಟೆ ನಿಂತಿತ್ತಂತೆ. ಅಲ್ಲಿ ಸರಕೆಲ್ಲ ಕಾಶ್ಮೀರದ್ದು, ರಾಜಸ್ಥಾನದ್ದು. ಮಾರ್ಗದರ್ಶಿಗೆ ಅಲ್ಲಿ ಕಮಿಷನ್ ಉಂಟೋ ಇಲ್ಲವೋ ಎಂಬುದನ್ನು ವಾಚಕರ ಊಹೆಗೆ ಬಿಡುತ್ತೇವೆ.

ಗೇರುಬೀಜದ ಕಾರ್ಖಾನೆಯ ಮಾತಿಗೆ ಬರೋಣ. ಪ್ರವಾಸದ ಪಟ್ಟಿಯಲ್ಲಿ ದುಡಿಯುವ ಜನರ ಮುಖ ಕಾಣುವುದು ಅಲ್ಲೊಂದೇ ಕಡೆ. ಅಲ್ಲಿ ಏನು ನಡೆಯುತ್ತದೆಂಬುದು ನಮ್ಮ ಓದುಗರಲ್ಲಿ ಅನೇಕರ ಮನೆಯ ಹೆಂಗಸರಿಗೆ ಗೊತ್ತು. ಬೀಜವನ್ನು ಹಬೆಯಲ್ಲಿ ಬೇಯಿಸಿ, ಆರಿಸಿ, ಕೈಕಾಲಿನಿಂದ ನಡೆಸುವ ಕತ್ತರಿಯಲ್ಲಿ ಒಂದೊಂದಾಗಿ ಸೀಳಿ, ತಿರುಳು ಬಿಡಿಸಿ, ಒಲೆಯಲ್ಲಿ ಒಣಗಿಸಿ, ಸಿಪ್ಪೆ ಸುಲಿದು, ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸಬೇಕು. 320ನೆಯ ನಂಬರಿನ ಬೀಜವೆಂದರೆ ರಾತ್ತಲಿಗೆ ಹೆಚ್ಚೆಂದರೆ 320 ತೂಗುವುದು, 180 ಎಂದರೆ ಅದಕ್ಕಿಂತ ದಪ್ಪದ್ದು, ಹೆಚ್ಚು ಬೆಲೆಯದು. ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ. ಕೈಗೆ ಬೂದಿಯನ್ನೋ ಬೇರೆ ಎಣ್ಣೆಯನ್ನೋ ಹಚ್ಚಿಕೊಂಡರೂ ಬೆರಳು ಕಪ್ಪಾಗುವುದು ತಪ್ಪುವುದಿಲ್ಲ. ಈ ಮರವನ್ನು ಪೋರ್ಚುಗೀಸರು ಬ್ರಜಿಲಿನಿಂದ ತಂದರು. ಇಂದು ನಮ್ಮ ತೋಟದ ಬೀಜ ಸಾಲದೆ ಆಫ್ರಿಕದ ಬೀಜ ಇದೇ ಪಣಂಬೂರಿನಲ್ಲಿ ಇಳಿಯುತ್ತದೆ. ಆಫ್ರಿಕದ ರೈತ ಹೆಕ್ಕಿದ ಬೀಜವನ್ನು ಮಂಗಳೂರಿನ ಹೆಣ್ಣು ಸುಲಿಯುತ್ತಾಳೆ, ಯೂರೋಪಿನ ಮನುಷ್ಯ ತಿನ್ನುತ್ತಾನೆ. ಮೂವರಲ್ಲಿ ಕೊನೆಯ ಇಬ್ಬರು ವರ್ಷದಲ್ಲಿ ಕೆಲವು ದಿನ ಹತ್ತು ನಿಮಿಷ ಎದುರುಬದುರು ನಿಲ್ಲುತ್ತಾರೆ. ಇದು ಸಣ್ಣ ಸಂಗತಿಯಲ್ಲ. ಈ ಭೇಟಿ ನಿಲ್ಲಬೇಕೆಂದು ನಾವು ಹೇಳುವವರಲ್ಲ. ಆದರೆ ಸುಲಿಯುವ, ಸೀಳುವ ಕೆಲಸಕ್ಕೆ ಅನೇಕ ಕಡೆ ತೂಕದ ಮೇಲೆ ಕೂಲಿ. ನೂರು ಮಂದಿ ಸಾಲಾಗಿ ಬಂದು ಕ್ಯಾಮರಾ ಹಿಡಿದಾಗ ಕೈ ನಿಲ್ಲುತ್ತದೆ. ನಿಂತ ಕೈಗೆ ಕೂಲಿ ಕೊಡುವವರು ಯಾರು? ನೋಡುವವನಿಂದ ಏಜೆಂಟನಿಗೆ ಹಣ ಸಂದಿದೆ. ನೋಡಿಸಿಕೊಂಡವಳಿಗೆ ಆ ಅರ್ಧ ಗಂಟೆಯ ಕೂಲಿಯನ್ನು ಸಲ್ಲಿಸುವುದು ಭಿಕ್ಷೆಯಲ್ಲ, ಬಾಕಿ. ಆಕೆಯ ಅನುಮತಿ ಕೇಳಿ ಚಿತ್ರ ತೆಗೆಯಿರೆಂದು ಹೇಳುವುದಕ್ಕಂತೂ ಖರ್ಚೇ ಇಲ್ಲ.

ದೇವಸ್ಥಾನ, ಚಾಪೆಲ್‌ಗಳ ವಿಷಯದಲ್ಲಿ ನಮ್ಮ ದೂರು ಬೇರೆ. ತೋರಿಸುತ್ತಾರೆ, ಹೇಳುವುದಿಲ್ಲ. ಕುದ್ರೋಳಿಯಲ್ಲಿ ಬಂಗಾರದ ಬಣ್ಣದ ಗೋಪುರದ ಮುಂದೆ ನಿಲ್ಲಿಸಿ ಫೋಟೋ ಹೊಡೆಸುತ್ತಾರೆ. ಇತರ ದೇವಸ್ಥಾನಗಳ ಬಾಗಿಲು ತಮಗೆ ಮುಚ್ಚಿದ್ದ ಕಾಲದಲ್ಲಿ ಬಿಲ್ಲವರು ನಾರಾಯಣ ಗುರುಗಳನ್ನು ಕರೆತಂದು 1912ರಲ್ಲಿ ಪ್ರತಿಷ್ಠೆ ಮಾಡಿಸಿದ ಗುಡಿ ಅದು. 2013ರಲ್ಲಿ ಅಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿ ನೇಮಿಸಿದರು. ಇದನ್ನು ಕೇಳಿದ ಪರದೇಶದವನಿಗೆ ಗೋಪುರ ಎರಡು ಪಟ್ಟು ಎತ್ತರವಾಗಿ ಕಂಡೀತು. ಚಾಪೆಲ್ಲಿನ ಗೋಡೆ ಮಾಡುಗಳಲ್ಲಿ ಅಂಗುಲ ಜಾಗ ಬಿಡದಂತೆ ಚಿತ್ರ ಬರೆದ ಆಂಟೋನಿಯೋ ಮೊಸ್ಕೇನಿ ಇಟಲಿಯವನು. 1899ರಿಂದ ಸುಮಾರು ಎರಡು ವರ್ಷ ಈ ಸೆಕೆಯಲ್ಲಿ ಅಟ್ಟಣಿಗೆ ಹತ್ತಿ ದುಡಿದವನು. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡ, ಊರಿಗೆ ಮರಳಲಿಲ್ಲ. ಇಟಲಿಯ ಪ್ರಯಾಣಿಕನಿಗೆ ಇದನ್ನು ತಿಳಿಸದೆ ಕಳುಹಿಸುವುದು ಎಂಥ ಆತಿಥ್ಯ? ಕದ್ರಿಯ ದೇವಸ್ಥಾನದಲ್ಲಿ 968ನೆಯ ಇಸವಿಯ ಲೋಕೇಶ್ವರನ ಲೋಹದ ಮೂರ್ತಿಯಿದೆ. ಅದನ್ನು ನೋಡದೆ ಅದರ ಮುಂದಿನ ರಸ್ತೆಯಲ್ಲೇ ಬಸ್ಸುಗಳು ಓಡುತ್ತವೆ.

ಇನ್ನು ತೋರಿಸದೆ ಬಿಡುವುದೆಷ್ಟು! ಪಟ್ಟಿಯಲ್ಲಿ ಹಂಚಿನ ಕಾರ್ಖಾನೆ ಏಕಿಲ್ಲ? 1865ರಲ್ಲಿ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನವರು ಹಂಚು ಸುಡತೊಡಗಿದ ಮೇಲೆ ಮಂಗಳೂರು ಹಂಚಿನ ಹೆಸರು ಸಮುದ್ರದಾಚೆಗೂ ಹೋಯಿತು. ಅದೇ ಮಿಶನ್ನಿನ ನೇಯ್ಗೆಯ ಶಾಲೆಯಲ್ಲಿ ಖಾಕಿ ಬಣ್ಣ ಹುಟ್ಟಿತೆಂದು ಹೇಳುವುದುಂಟು, ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಇದೇ ಊರಿನಲ್ಲಿ ಹೊರಟಿತು. ಸ್ವಿಸ್ ದೇಶದವನೊಬ್ಬ ಹಡಗಿನಿಂದಿಳಿದರೆ ಮೊದಲು ನೋಡಬೇಕಾದದ್ದು ಈ ಹೊಗೆಗೊಳವೆಗಳನ್ನು. ಕಾಂಕ್ರೀಟಿನ ಮುಂದೆ ಸೋತು ಒಂದೊಂದಾಗಿ ತಣ್ಣಗಾಗುತ್ತಿವೆ, ಇರುವಾಗಲೇ ನೋಡಲಿ. ಹಳೆ ಬಂದರಿನ ಧಕ್ಕೆಗೆ ಬೆಳಿಗ್ಗೆ ಕರೆದುಕೊಂಡು ಹೋಗಲಿ. ದೋಣಿಗಳಿಂದ ಬಂಗುಡೆ, ಬೂತಾಯಿ, ಅಂಜಲ್ ಬುಟ್ಟಿಬುಟ್ಟಿಯಾಗಿ ಇಳಿಯುವುದನ್ನೂ, ಏಲಂ ಕೂಗುವವನ ಗಂಟಲನ್ನು ಮೀರಿಸುವ ಮೀನಿನ ಹೆಂಗಸರನ್ನೂ ನೋಡಿದವನು ಸುಲಭವಾಗಿ ಮರೆಯಲಾರ. ವಾಸನೆ ತಡೆಯಲಾರೆನೆಂಬವನು ಸುಲ್ತಾನ್ ಬತ್ತೇರಿಗೆ ಹೋಗಿ, ಟಿಪ್ಪುವಿನ ಕಾಲದ ಕಾವಲುಕಟ್ಟೆ ನೋಡಿ, ಕಡವಿನ ದೋಣಿ ಹತ್ತಿ ತಣ್ಣೀರುಬಾವಿಯ ಮರಳಿಗಿಳಿಯಲಿ. ದಾರಿಯಲ್ಲಿ ಒಂದು ಬೊಂಡ ಕುಡಿದು, ಹೋಟೆಲಿನಲ್ಲಿ ಗೋಳಿಬಜೆ ತಿಂದರೆ ಹಣ ಈ ಊರಿನಲ್ಲೇ ನಿಂತಿತು.

ಈ ಬಂದರು ಕೂಡ ಒಂದು ನೋಟವೇ. ಅದು 1974ರ ಮೇ ತಿಂಗಳಲ್ಲಿ ದೇಶದ ಒಂಬತ್ತನೆಯ ಮಹಾಬಂದರೆಂದು ಘೋಷಿತವಾಯಿತು, 1975ರ ಜನವರಿ 11ರಂದು ಇಂದಿರಾ ಗಾಂಧಿಯವರಿಂದ ಉದ್ಘಾಟನೆಗೊಂಡಿತು. ಪಣಂಬೂರಿನ ಮನೆಮಠ, ಗದ್ದೆಗಳನ್ನು ಬಿಟ್ಟುಕೊಟ್ಟು ಕಾಟಿಪಳ್ಳ, ಕೃಷ್ಣಾಪುರಗಳ ಗುಡ್ಡಕ್ಕೆ ಹೋದ ಸಂಸಾರಗಳ ಜಾಗದ ಮೇಲೆ ಅದು ನಿಂತಿದೆ. ಬಿಳಿ ಹಡಗು ನಿಲ್ಲುವುದು ಅವರ ಅಂಗಳದಲ್ಲಿ. ಅವರ ಮಕ್ಕಳು ಮೊಮ್ಮಕ್ಕಳಿಗೆ ಆ ಸಭಾಂಗಣದಲ್ಲಿ ಒಂದು ಮೇಜು ಹಾಕಿಕೊಳ್ಳುವ ಹಕ್ಕಾದರೂ ಮೊದಲು ಸಲ್ಲಬೇಡವೇ?

ಬೇಲಿ ಹಾಕಿ ಪ್ರವಾಸ ನಡೆಸಿದರೆ ಎಲ್ಲಿಗೆ ಮುಟ್ಟುತ್ತದೆಂಬುದಕ್ಕೆ ಹೈಟಿ ದೇಶದ ಲಬಾದಿ ಸಾಕ್ಷಿ. 1986ರಿಂದ ಒಂದು ಅಮೆರಿಕದ ಹಡಗು ಕಂಪನಿ ಅಲ್ಲಿಯ ಕಡಲತೀರವೊಂದನ್ನು ಗೇಣಿಗೆ ಹಿಡಿದು, ಸುತ್ತ ಬೇಲಿ ಕಟ್ಟಿ, ಪಹರೆ ಇಟ್ಟು, ತನ್ನ ಪ್ರಯಾಣಿಕರನ್ನು ಇಳಿಸುತ್ತ ಬಂತು. ಸರಕಾರಕ್ಕೆ ತಲೆಗಿಷ್ಟು ಡಾಲರು. 2010ರ ಜನವರಿಯ ಭೂಕಂಪದಲ್ಲಿ ಲಕ್ಷಾಂತರ ಮಂದಿ ಸತ್ತರು, ಸೂರು ಕಳೆದುಕೊಂಡರು. ಆದ ಕೆಲವೇ ದಿನದಲ್ಲಿ ಅದೇ ತೀರದಲ್ಲಿ ಹಡಗಿನವರು ಮಾಂಸ ಸುಟ್ಟು ತಿಂದು ಈಜಾಡಿದರು. ಹಡಗುಗಳು ಪರಿಹಾರದ ಸಾಮಾನನ್ನೂ ತಂದಿದ್ದವೆಂಬುದನ್ನು ನ್ಯಾಯವಾಗಿ ಹೇಳಬೇಕು. ಮುಂದೆ 2024ರಲ್ಲಿ ದೇಶದೊಳಗಿನ ದೊಂಬಿಗೆ ಹೆದರಿ ಹಡಗುಗಳು ಬರುವುದನ್ನು ನಿಲ್ಲಿಸಿದವು. ಪಣಂಬೂರು ಲಬಾದಿಯಲ್ಲ, ಆಗಲೂ ಬಾರದು. ಆದರೆ ಗಾಜಿನ ಬಸ್ಸೂ ಒಂದು ಬೇಲಿಯೇ.

ಹಡಗಿನಲ್ಲಿ ಇನ್ನೂ ಒಂದು ಗುಂಪಿನ ಜನರಿದ್ದಾರೆ. ಹಾಸಿಗೆ ಹಾಸುವವರು, ಪಾತ್ರೆ ತೊಳೆಯುವವರು, ಯಂತ್ರದ ಕೋಣೆಯವರು. ಫಿಲಿಪ್ಪೀನ್ಸ್, ಇಂಡೊನೇಷ್ಯದವರೊಡನೆ ಗೋವೆಯ, ಮುಂಬಯಿಯ, ನಮ್ಮ ಕರಾವಳಿಯ ಹುಡುಗರೂ ಅವರಲ್ಲಿರುತ್ತಾರೆ. ಹಡಗಿನ ಒಡೆಯ ಒಂದು ದೇಶದವನು, ಬಾವುಟ ಬಹಾಮ ಇಲ್ಲವೇ ಪನಾಮ ಇಲ್ಲವೇ ಮಾಲ್ಟದ್ದು; ತೆರಿಗೆಯೂ ಕಾನೂನೂ ಎಲ್ಲಿ ಹಗುರವೋ ಅಲ್ಲಿಯ ಬಾವುಟ. 1948ರಲ್ಲಿ ನಮ್ಮ ಕಾರ್ಖಾನೆ ಕಾನೂನು ವಾರದ ದುಡಿಮೆಗೆ 48 ಗಂಟೆಯ ಮಿತಿ ಹಾಕಿತು. 2006ರ ಅಂತರರಾಷ್ಟ್ರೀಯ ನಾವಿಕ ಒಪ್ಪಂದ ಹಡಗಿನವನಿಗೆ ದಿನಕ್ಕೆ 14 ಗಂಟೆ, ವಾರಕ್ಕೆ 72 ಗಂಟೆಯ ತನಕ ದುಡಿಸಬಹುದೆನ್ನುತ್ತದೆ. ಅಷ್ಟಾದರೂ ಮಿತಿ ಬಂದದ್ದಕ್ಕೆ ನಾವಿಕರು ದಶಕಗಳ ಕಾಲ ಹೋರಾಡಿದರು. ಬಿಡುವು ಸಿಕ್ಕಿ ಎರಡು ಗಂಟೆ ದಡಕ್ಕಿಳಿಯುವ ಈ ಹುಡುಗರೇ ಬಂದರಿನ ಹೊರಗಿನ ಅಂಗಡಿಯಲ್ಲಿ ಸಾಬೂನು, ಉಪ್ಪಿನಕಾಯಿ ಕೊಳ್ಳುವವರು, ಮನೆಗೆ ಫೋನು ಮಾಡಲು ಮೂಲೆ ಹುಡುಕುವವರು. ಅವರಿಗೆ ಚೆಂಡೆಯ ಸ್ವಾಗತ ಬೇಡ. ಕೂರಲೊಂದು ಬೆಂಚು, ಒಂದು ಒಳ್ಳೆಯ ಊಟ ಸಾಕು.

2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ ಕ್ರೂಸ್ ಭಾರತ್ ಮಿಶನ್ ಎಂಬ ಯೋಜನೆ ಆರಂಭಿಸಿ, ಐದು ವರ್ಷದಲ್ಲಿ ಪ್ರಯಾಣಿಕರ ಸಂಖ್ಯೆಯನ್ನು ಇಮ್ಮಡಿ ಮಾಡುವುದಾಗಿ ಸಾರಿತು. ಇಮ್ಮಡಿಯಾಗಲಿ. ಬಂದರು ಪ್ರಾಧಿಕಾರದವರಲ್ಲಿ ನಮ್ಮದು ದೊಡ್ಡ ಬೇಡಿಕೆಯಲ್ಲ. ಹಡಗು ಬಂದ ದಿನ ಗೇಟಿನಿಂದ ಪೇಟೆಗೆ ಗಂಟೆಗೊಂದು ಸಾದಾ ಬಸ್ಸು ಬಿಡಲಿ. ತಿರುಗಾಟದ ಚೀಟಿ ಕೊಳ್ಳದವನೂ ಹತ್ತು ಕಿಲೋಮೀಟರು ಬಂದು ತನ್ನಿಷ್ಟದಂತೆ ನಡೆದಾಡಲಿ. ಸ್ವಾಗತದ ಸಭಾಂಗಣದ ಮೇಜುಗಳನ್ನು ಚೀಟಿ ಎತ್ತಿ ಹಂಚಲಿ. ಉಡುಪಿ ಸೀರೆಯ ನೇಕಾರರಿಗೆ, ಹೂವಿನವರಿಗೆ, ಸೆಂಟ್ರಲ್ ಮಾರುಕಟ್ಟೆಯ ಹಳೆಯ ವ್ಯಾಪಾರಿಗಳಿಗೆ ಪಾಲಿರಲಿ. ಆ ಮಾರುಕಟ್ಟೆಯವರನ್ನು 2020ರ ಎಪ್ರಿಲಿನಲ್ಲಿ ಕೊರೋನಾ ಹೆಸರಿನಲ್ಲಿ ಬೈಕಂಪಾಡಿಗೆ ಕಳುಹಿಸಿದ್ದು, ಅವರು ಅಲ್ಲಿ ಪಟ್ಟ ಪಾಡು ಯಾರೂ ಮರೆತಿಲ್ಲ.

ನಮ್ಮವರಿಗೂ ಒಂದು ಮಾತು. ಬಿಳಿ ಚರ್ಮ ಕಂಡೊಡನೆ ಐವತ್ತರ ಬಾಡಿಗೆ ಐನೂರಾಗುವುದು, ಬೊಂಡಕ್ಕೆ ಮೂರು ಪಟ್ಟು ಹೇಳುವುದು ನಮ್ಮ ನಡುವೆಯೂ ಉಂಟು. ಹಾಗೆ ಮೋಸ ಹೋದವನು ಹಡಗಿಗೆ ಮರಳಿ ಹತ್ತು ಮಂದಿಗೆ ಹೇಳುತ್ತಾನೆ. ಮುಂದಿನ ಸಲ ಹತ್ತು ಮಂದಿಯೂ ಕಂಪನಿಯ ಬಸ್ಸನ್ನೇ ಹತ್ತುತ್ತಾರೆ. ಏಜೆಂಟನಿಗೆ ಬೇಕಾದದ್ದೂ ಅದೇ. ರಿಕ್ಷಾದ ಗೆಳೆಯರು ಮುಂದಾಗಿ, ಬಂದರಿನ ಗೇಟಿನಿಂದ ಕುದ್ರೋಳಿಗೆ, ಕದ್ರಿಗೆ, ಧಕ್ಕೆಗೆ, ಸುಲ್ತಾನ್ ಬತ್ತೇರಿಗೆ ಇಂತಿಷ್ಟು ರೂಪಾಯಿ ಎಂದು ಇಂಗ್ಲಿಷಿನಲ್ಲೂ ಜರ್ಮನ್ ಭಾಷೆಯಲ್ಲೂ ಬರೆದ ಒಂದು ಹಲಗೆಯನ್ನು ಈ ಹಂಗಾಮಿನ ಮೊದಲ ಹಡಗಿಗೆ ಮುಂಚೆಯೇ ನಿಲ್ಲಿಸಲಿ. ಜರ್ಮನ್ ಬಲ್ಲವರು ಊರಿನ ಕಾಲೇಜುಗಳಲ್ಲಿ ಸಿಗುತ್ತಾರೆ. ಖರ್ಚು ಒಂದು ಹಲಗೆ, ಒಂದು ಡಬ್ಬ ಬಣ್ಣ.