ಆಯುಧ ಪೂಜೆಗೆ ಡ್ರಾಫ್ಟರ್‌ಗೂ ಹಾರ ಹಾಕೋಣ

ಹಳೇ ಸಾಮಾನು ಮಾರೋಕೆ, ಕೊಳ್ಳೋಕೆ ಅಂತ ನಮ್ಮ ಸೀನಿಯರ್‌ಗಳು ಒಂದು ಸೈಟ್ ಮಾಡಿದ್ದಾರೆ. ಸೈಟ್ ಚೆನ್ನಾಗಿದೆ, ಆದರೆ ಖಾಲಿ ಹೊಡೀತಿದೆ. ನಮ್ಮ ಡ್ರಾಫ್ಟರ್, ಲ್ಯಾಬ್ ಕೋಟ್ ಮಂಚದ ಕೆಳಗೆ ಧೂಳು ತಿಂತಿವೆ. ಫಸ್ಟ್ ಇಯರ್‌ನವರು ಅದನ್ನೇ ಅಂಗಡೀಲಿ ಪೂರ್ತಿ ದುಡ್ಡು ಕೊಟ್ಟು ತರ್ತಿದ್ದಾರೆ. ಮಾರೋರಿಲ್ಲ ಅಂತ ಕೊಳ್ಳೋರು ಬರಲ್ಲ, ಕೊಳ್ಳೋರಿಲ್ಲ ಅಂತ ಮಾರೋರು ಬರಲ್ಲ. ಹೀಗೇ ಆದ್ರೆ ಕೊನೇ ಸೆಮ್ ಮುಗಿದ ಮೇಲೆ ಎಲ್ಲಾ ಗುಜರಿಗೇ.

ಪ್ರಚಾರಕ್ಕೆ ದುಡ್ಡೆಲ್ಲಿದೆ ಅಂತ ಕೇಳ್ತೀರಾ? ದುಡ್ಡಿಲ್ಲದವರಿಗೆ ಅಂತಾನೇ ಇರೋದು ಗೆರಿಲ್ಲಾ ಮಾರ್ಕೆಟಿಂಗ್. 2007ರಲ್ಲಿ ಫ್ಲಿಪ್‌ಕಾರ್ಟ್ ಶುರುವಾದಾಗ ಅದರ ಸ್ಥಾಪಕರು ಬೆಂಗಳೂರಿನ ಪುಸ್ತಕದಂಗಡಿ ಹೊರಗೆ ನಿಂತು ಬುಕ್‌ಮಾರ್ಕ್ ಹಂಚಿದ್ದರು. ಪುಸ್ತಕ ಕೊಳ್ಳೋ ಜನರ ಕೈಗೇ, ಪುಸ್ತಕದೊಳಗೇ ಉಳಿಯೋ ವಸ್ತು! ಕರಪತ್ರ ಕೊಟ್ಟಿದ್ರೆ ಕಸದ ಬುಟ್ಟಿಗೆ ಹೋಗ್ತಿತ್ತು.

ನಮಗೆ ಸರಿಯಾದ ಜಾಗದ ಜೊತೆ ಸರಿಯಾದ ದಿನವೂ ಇದೆ. ಆಯುಧ ಪೂಜೆ ಅಂದ್ರೆ ಲೇತ್ ಮಷೀನಿಗೆ ಕುಂಕುಮ, ಬೈಕಿಗೆ ಬಾಳೆಕಂದು. ಎಲ್ಲರೂ ಸಾಮಾನು ಹೊರಗೆ ತೆಗೆದು ಒರೆಸೋ ದಿನ. ಅಂದ್ರೆ ಮಾರೋಕೆ ಏನಿದೆ ಅಂತ ನಮಗೇ ಗೊತ್ತಾಗೋ ದಿನ. ವರ್ಕ್‌ಶಾಪ್ ಹೊರಗೆ ಒಂದು ಮೇಜು ಹಾಕೋಣ. ಹಳೇ ಡ್ರಾಫ್ಟರ್, ಕ್ಯಾಲ್ಕುಲೇಟರ್‌ಗೆ ಚೆಂಡು ಹೂವಿನ ಹಾರ ಹಾಕಿ ಒಂದು ಚೀಟಿ ಕಟ್ಟೋಣ: ‘ಎರಡು ಸೆಮ್ ದುಡಿದಿದ್ದೀನಿ, ಇನ್ನೂ ಶಕ್ತಿ ಇದೆ, ಹೊಸ ಯಜಮಾನರು ಬೇಕಾಗಿದ್ದಾರೆ.’ ಕೆಳಗೆ ಕ್ಯೂಆರ್ ಕೋಡ್. ಕಡ್ಲೆಪುರಿ ಪೊಟ್ಟಣದ ಮೇಲೂ ಅದೇ ಕೋಡ್. ನಗು ನಮ್ಮ ಹಳೇ ಸಾಮಾನಿನ ಮೇಲಿರಲಿ, ಪೂಜೆಯ ಮೇಲಲ್ಲ.

ತಮಾಷೆಗೂ ಒಂದು ಮಿತಿ ಬೇಕು. 2007ರ ಜನವರಿಯಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಒಂದು ಕಾರ್ಟೂನ್ ಕಾರ್ಯಕ್ರಮದ ಪ್ರಚಾರಕ್ಕೆ ಅಲ್ಲಲ್ಲಿ ಎಲ್‌ಇಡಿ ಫಲಕ ಇಟ್ಟಿದ್ದರು. 31ರಂದು ವೈರು, ಬ್ಯಾಟರಿ ನೋಡಿ ಬಾಂಬ್ ಅಂದುಕೊಂಡು ಪೊಲೀಸರು ರಸ್ತೆ, ಸೇತುವೆ ಮುಚ್ಚಿದರು. ಕಂಪನಿ ಕೊನೆಗೆ 20 ಲಕ್ಷ ಡಾಲರ್ ಕೊಡಬೇಕಾಯ್ತು. ಸರ್ಕ್ಯೂಟ್ ಮಾಡೋಕೆ ಕೈ ತುರಿಸೋ ನಮ್ಮಂಥವರು ಇದನ್ನ ನೆನಪಿಡಬೇಕು. ಹಾಗೇ ಗೋಡೆ ತುಂಬ ಪೋಸ್ಟರ್ ಅಂಟಿಸಿದ್ರೆ ನಮಗೆ ಖರ್ಚಿಲ್ಲ ನಿಜ. ಮಾರನೇ ದಿನ ಕೆರೆದು ತೆಗೆಯೋದು ಹೌಸ್‌ಕೀಪಿಂಗ್ ಅಕ್ಕಂದಿರು. ನಮ್ಮ ಖರ್ಚನ್ನ ಅವರ ಬೆನ್ನ ಮೇಲೆ ಹೇರಿ ಅದನ್ನ ಜಾಣತನ ಅನ್ನೋಕಾಗಲ್ಲ. ಮೇಜಿಗೆ ಅನುಮತಿ ಕೇಳೋಣ, ಸಂಜೆ ಹೂವು ನಾವೇ ಗುಡಿಸೋಣ.

ಇನ್ನೊಂದು ಮಾತು. ಹಬ್ಬಕ್ಕೆ ಕರೆದ ಮೇಲೆ ಎಲೆಗೆ ಏನಾದ್ರೂ ಬಡಿಸಬೇಕು ತಾನೇ? 2014ರ ಅಕ್ಟೋಬರ್ 6ರಂದು, ದೀಪಾವಳಿಗೆ ಮುಂಚೆ, ಅದೇ ಫ್ಲಿಪ್‌ಕಾರ್ಟ್ ಮೊದಲ ‘ಬಿಗ್ ಬಿಲಿಯನ್ ಡೇ’ ಮಾಡಿದಾಗ ಸೈಟ್ ತತ್ತರಿಸಿತು, ಸಾಮಾನು ಬೇಗ ಖಾಲಿಯಾಯ್ತು, ಸ್ಥಾಪಕರು ಗ್ರಾಹಕರ ಕ್ಷಮೆ ಕೇಳಬೇಕಾಯ್ತು. ಅಷ್ಟು ಜನ ನಮ್ಮಲ್ಲಿಗೆ ಬರಲ್ಲ ಬಿಡಿ. ಆದರೆ ಕೋಡ್ ಸ್ಕ್ಯಾನ್ ಮಾಡಿದ ಜೂನಿಯರ್‌ಗೆ ಖಾಲಿ ಪೇಜ್ ಕಂಡರೆ ಮತ್ತೆ ಬರಲ್ಲ. ಆದ್ದರಿಂದ ಹಾರ ಕಟ್ಟೋದು ಆಮೇಲೆ. ಮೊದಲು ಈ ವಾರ ನಿಮ್ಮ ಮಂಚದ ಕೆಳಗೆ ಬಗ್ಗಿ ನೋಡಿ, ಸಿಕ್ಕಿದ್ದರ ಫೋಟೋ ತೆಗೆದು ಸೈಟ್‌ಗೆ ಹಾಕಿ.