ಸ್ಟಾರ್ ಕಾರಿಗೆ, ಲೆಕ್ಕ ಓನರಿಗೆ. ಗೂಡ್ಸ್ ಗಾಡಿ ಹಿಂದೆ ನಿಂತವರಿಗೆ ಏನು?



ಪೋಸ್ಟು ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ. ಗಾಡಿ ಓಡಿಸುವ ಹುಡುಗರು, ಗಾಡಿ ಹತ್ತಿ ಕೂಲಿಗೆ ಹೋಗುವ ಅಕ್ಕ-ಅಣ್ಣಂದಿರು ನಿಮ್ಮ ಮನೇಲಿ, ಕೇರೀಲಿ ಇದ್ದರೆ ಅವರಿಗೂ ಓದಿ ಹೇಳಿ.

ಈಗ ಯಾವ ಕಾರಿನ ಜಾಹೀರಾತು ನೋಡಿದ್ರೂ "ಫೈವ್ ಸ್ಟಾರ್ ಸೇಫ್ಟಿ" ಅಂತ ಇರುತ್ತೆ. ಒಳ್ಳೇದೇ. ಜೀವ ಉಳಿಸೋ ಗಾಡಿ ಯಾರಿಗೆ ಬೇಡ? ನನ್ನ ಪ್ರಶ್ನೆ ಬೇರೆ. ಈ ದೇಶದ ರಸ್ತೇಲಿ ಸಾಯ್ತಾ ಇರೋರು ಯಾರು? ಸ್ಟಾರ್ ಸಿಗ್ತಾ ಇರೋದು ಯಾರು ಕೂರೋ ಗಾಡಿಗೆ? ಗಾಡಿಯ ಸುರಕ್ಷತೆ ಬಗ್ಗೆ ಮೂರು ಥರದ ದಾಖಲೆ ಇರುತ್ತವೆ: ಕ್ರ್ಯಾಶ್ ಟೆಸ್ಟ್ ಫಲಿತಾಂಶ, ಗಾಡಿ ತಗೊಂಡವರ ದೂರು, ದೋಷ ಸಿಕ್ಕಾಗ ಕಂಪನಿ ವಾಪಸ್ ಕರೆಸಿ ಸರಿ ಮಾಡಿಕೊಡುವ ರೀಕಾಲ್. ಈ ಮೂರರಲ್ಲೂ ನಮ್ಮೋರು ಎಲ್ಲಿದ್ದಾರೆ?

ಮೊದಲು ಸಾವಿನ ಲೆಕ್ಕ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಇದರಲ್ಲಿ ಶೇ. 44.5ರಷ್ಟು ಜನ ದ್ವಿಚಕ್ರ ವಾಹನದವರು. ಶೇ. 19.5ರಷ್ಟು ಜನ ಪಾದಚಾರಿಗಳು. ಕಾರು, ಟ್ಯಾಕ್ಸಿ, ವ್ಯಾನಿನಂಥ ಗಾಡಿಗಳಲ್ಲಿದ್ದವರು ಶೇ. 12.5. ಅಂದ್ರೆ ಯಾವ ಗಾಡಿಯ ಸುರಕ್ಷತೆ ಬಗ್ಗೆ ಟೀವೀಲಿ, ಪೇಪರಲ್ಲಿ ಇಷ್ಟೊಂದು ಚರ್ಚೆ ಆಗುತ್ತೋ ಅದರಲ್ಲಿ ಕೂತವರ ಪಾಲು ಎಂಟರಲ್ಲಿ ಒಂದು. ನಡೆದು ಹೋಗೋರು, ನಸುಕಲ್ಲೇ ರಸ್ತೆ ಗುಡಿಸೋ ಪೌರಕಾರ್ಮಿಕರು, ನೂರು ಸಿಸಿ ಬೈಕಲ್ಲಿ ಮೂವರು ಕೂತು ಕೆಲಸಕ್ಕೆ ಹೋಗೋರು ಯಾವ ಜನ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಬೈಕಿನ ಎಬಿಎಸ್ ಬ್ರೇಕನ್ನೇ ತಗೊಳ್ಳಿ. 2019ರಲ್ಲಿ ಕಡ್ಡಾಯ ಮಾಡಿದಾಗ 125 ಸಿಸಿಗಿಂತ ಮೇಲಿನ ಬೈಕಿಗೆ ಮಾತ್ರ ಮಾಡಿದ್ರು. ಅದರ ಕೆಳಗಿನದಕ್ಕೆ ಅಗ್ಗದ ಸಿಬಿಎಸ್ ಸಾಕು ಅಂದ್ರು. ಬಡವನ ಬೈಕು, ಬಡವನ ಬ್ರೇಕು.

ನಮ್ಮ ರಾಜ್ಯದ ಎರಡು ಘಟನೆ ನೆನಪು ಮಾಡ್ಕೊಳ್ಳಿ. 2022ರ ಆಗಸ್ಟ್ 25ರಂದು ತುಮಕೂರು ಜಿಲ್ಲೆ ಶಿರಾ ಹತ್ತಿರ ಕ್ರೂಸರ್ ಮತ್ತು ಲಾರಿ ಡಿಕ್ಕಿಯಾಗಿ 9 ಜನ ಸತ್ತರು. ರಾಯಚೂರು ಕಡೆಯಿಂದ ಬೆಂಗಳೂರಿಗೆ ಕೂಲಿಗೆ ಹೊರಟಿದ್ದವರು. ಒಂದೇ ಗಾಡಿಯಲ್ಲಿ 20ಕ್ಕೂ ಹೆಚ್ಚು ಜನ ಇದ್ರು. 2025ರ ಜನವರಿ 22ರಂದು ಯಲ್ಲಾಪುರದ ಹತ್ತಿರ, ಸವಣೂರಿನಿಂದ ಕುಮಟಾ ಸಂತೆಗೆ ಹಣ್ಣು-ತರಕಾರಿ ಹೊತ್ತು ಹೊರಟಿದ್ದ ಲಾರಿ ಉರುಳಿ ಕನಿಷ್ಠ 10 ಜನ ವ್ಯಾಪಾರಿಗಳು ತೀರಿಹೋದ್ರು. ಸತ್ತವರ ಜಾತಿ-ಧರ್ಮ ಹುಡುಕೋಕೆ ನಾನು ಹೊರಟಿಲ್ಲ. ದುಡಿದು ತಿನ್ನೋ ಜನ ಅವರು. ಹೊತ್ತಿಗೆ ಸರಿಯಾಗಿ ಬಸ್ಸಿಲ್ಲ, ಇದ್ರೂ ಕೈಲಿ ದುಡ್ಡಿಲ್ಲ, ಮೇಸ್ತ್ರಿ ಕಳಿಸಿದ ಗಾಡಿ ಹತ್ತದಿದ್ದರೆ ಅವತ್ತಿನ ಕೂಲಿ ಇಲ್ಲ.

ಈಗ ಕ್ರ್ಯಾಶ್ ಟೆಸ್ಟ್‌ಗೆ ಬರೋಣ. ಗಾಡಿಯೊಳಗೆ ಮನುಷ್ಯನ ಅಳತೆಯ ಗೊಂಬೆ ಕೂರಿಸಿ, ಬೆಲ್ಟ್ ಹಾಕಿ, ಗಂಟೆಗೆ 64 ಕಿ.ಮೀ. ವೇಗದಲ್ಲಿ ಗುದ್ದಿಸಿ, ಗೊಂಬೆಯ ತಲೆಗೆ, ಎದೆಗೆ, ಕಾಲಿಗೆ ಎಷ್ಟು ಪೆಟ್ಟು ಬಿತ್ತು ಅಂತ ಅಳೀತಾರೆ. ನಮ್ಮ ದೇಶದ್ದೇ ಆದ 'ಭಾರತ್ ಎನ್‌ಕ್ಯಾಪ್' 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಆದರೆ ಅದು ಇರೋದು ಡ್ರೈವರ್ ಬಿಟ್ಟು ಎಂಟು ಸೀಟಿನ ತನಕದ, ಮೂರೂವರೆ ಟನ್ ಒಳಗಿನ ಪ್ರಯಾಣಿಕರ ಕಾರುಗಳಿಗೆ. ಅದೂ ಕಡ್ಡಾಯ ಅಲ್ಲ, ಕಂಪನಿ ತಾನಾಗಿ ಮುಂದೆ ಬಂದರೆ ಉಂಟು. ಆಟೋ, ಮಿನಿ ಗೂಡ್ಸ್, ಟಿಪ್ಪರ್, ಟ್ರಾಕ್ಟರ್, ಬಸ್ಸು ಯಾವುದಕ್ಕೂ ಈ ಸ್ಟಾರ್ ಇಲ್ಲ.

ಇದಕ್ಕೆ ಕೆಲವರು ಹೇಳ್ತಾರೆ, "ಗೂಡ್ಸ್ ಗಾಡೀಲಿ ಜನ ಹತ್ತೋದೇ ಕಾನೂನಿಗೆ ವಿರುದ್ಧ, ಅದಕ್ಕೆಂಥ ಟೆಸ್ಟು?" ಸರಿ, ಹಿಂದೆ ನಿಂತವರನ್ನು ಬಿಡಿ. ಮುಂದಿನ ಕ್ಯಾಬಿನ್ನಲ್ಲಿ ಕಾನೂನು ಪ್ರಕಾರವೇ ಕೂತ ಡ್ರೈವರ್ ಮತ್ತು ಹೆಲ್ಪರ್ ಮನುಷ್ಯರಲ್ವಾ? ತೆಳು ತಗಡಿನ ಹಿಂದೆ, ಗಾಜಿಗೆ ಮುಖ ತಾಗೋ ಹಾಗೆ ಕೂತಿರ್ತಾರೆ. ಡಿಕ್ಕಿ ಆದ್ರೆ ಅವರ ಕಾಲು ಏನಾಗುತ್ತೆ ಅಂತ ಜನಸಾಮಾನ್ಯರಿಗೆ ತಿಳಿಸೋ ಒಂದು ಸ್ಟಾರಾದ್ರೂ ಬೇಡವಾ?

ಟೆಸ್ಟಿನ ಫಲಿತಾಂಶ ಜನರ ಮುಂದೆ ಇಟ್ರೆ ಏನಾಗುತ್ತೆ ಅನ್ನೋದಕ್ಕೆ ಒಂದು ಉದಾಹರಣೆ. 2014ರ ಜನವರಿಯಲ್ಲಿ 'ಗ್ಲೋಬಲ್ ಎನ್‌ಕ್ಯಾಪ್' ಸಂಸ್ಥೆ ಭಾರತದಲ್ಲಿ ಮಾರುತ್ತಿದ್ದ ಐದು ಚಿಕ್ಕ ಕಾರುಗಳನ್ನು ಗುದ್ದಿಸಿ ನೋಡ್ತು. ಮಾರುತಿ ಆಲ್ಟೋ 800, ಟಾಟಾ ನ್ಯಾನೋ, ಹ್ಯುಂಡೈ ಐ10, ಫೋರ್ಡ್ ಫಿಗೋ, ಫೋಕ್ಸ್‌ವ್ಯಾಗನ್ ಪೋಲೋ. ಐದಕ್ಕೂ ಸೊನ್ನೆ ಸ್ಟಾರ್. ಆ ಪೋಲೋ ಏರ್‌ಬ್ಯಾಗ್ ಇಲ್ಲದ್ದು. ಫಲಿತಾಂಶ ಹೊರಬೀಳುತ್ತಿದ್ದ ಹಾಗೆ ಕಂಪನಿ ಏರ್‌ಬ್ಯಾಗ್ ಇಲ್ಲದ ಮಾದರಿಯನ್ನೇ ಇಲ್ಲಿ ನಿಲ್ಲಿಸ್ತು. ಎರಡು ಏರ್‌ಬ್ಯಾಗ್ ಇದ್ದ ಅದೇ ಪೋಲೋಗೆ ನಾಲ್ಕು ಸ್ಟಾರ್ ಬಂತು! ಕಾರು ಒಂದೇ, ಕಡಿಮೆ ದುಡ್ಡು ಕೊಟ್ಟವನ ತಲೆಗೆ ಕಡಿಮೆ ಬೆಲೆ. ಈ ಲೆಕ್ಕಾಚಾರ ನಮಗೆ ಹೊಸದೇನಲ್ಲ. ಹೊಸದು ಅಂದ್ರೆ ಅದನ್ನ ಅಳೆದು, ಬರೆದು, ಎಲ್ಲರ ಮುಂದೆ ಇಟ್ಟಿದ್ದು. ನಾಚಿಕೆಗಾದ್ರೂ ಬದಲಾಯಿತು.

ಇನ್ನು ರೀಕಾಲ್. 2012ರಿಂದ ವಾಹನ ಕಂಪನಿಗಳ ಒಕ್ಕೂಟ ತನ್ನಿಷ್ಟದ ನಿಯಮ ಮಾಡ್ಕೊಂಡು ರೀಕಾಲ್ ಮಾಡ್ತಿತ್ತು. 2019ರಲ್ಲಿ ಮೋಟಾರು ವಾಹನ ಕಾಯ್ದೆ ತಿದ್ದುಪಡಿ ಆಗಿ 110ಎ ಅನ್ನೋ ಸೆಕ್ಷನ್ ಬಂತು, 2021ರ ಏಪ್ರಿಲ್ 1ರಿಂದ ನಿಯಮಗಳು ಜಾರಿಯಾದವು. ಈಗ ಸರ್ಕಾರವೇ ಕಂಪನಿಗೆ "ಈ ಗಾಡಿಗಳನ್ನ ವಾಪಸ್ ಕರೆಸು" ಅಂತ ಆದೇಶ ಮಾಡಬಹುದು. ದಂಡ 10 ಲಕ್ಷದಿಂದ 1 ಕೋಟಿ ರೂಪಾಯಿ ತನಕ. ಒಳ್ಳೆ ಕಾನೂನು. ಆದರೆ ಒಳಗೆ ಹೋಗಿ ಓದಿ. ದೋಷ ಇದೆ ಅಂತ ಇಂತಿಷ್ಟು ಪ್ರಮಾಣದ "ಮಾಲೀಕರು" ದೂರು ಕೊಡಬೇಕು. ಒಂದು ವರ್ಷಕ್ಕೆ ಆ ಗಾಡಿ ಎಷ್ಟು ಮಾರಾಟ ಆಗಿದೆ ಅನ್ನೋದರ ಮೇಲೆ ದೂರಿನ ಸಂಖ್ಯೆ ನಿಗದಿ. ಗಾಡಿಗೆ ಏಳು ವರ್ಷ ದಾಟಿರಬಾರದು.

ಈಗ ನಮ್ಮ ಹುಡುಗರ ಕಥೆಗೆ ಇದನ್ನ ಹೊಂದಿಸಿ ನೋಡಿ. ಸಂಬಳಕ್ಕೆ ಗಾಡಿ ಓಡಿಸ್ತಾನೆ, ಬ್ರೇಕು ಹಿಡೀತಿಲ್ಲ ಅಂತ ಮೊದಲು ಗೊತ್ತಾಗೋದು ಅವನಿಗೇ. ಆದರೆ ಅವನು ಮಾಲೀಕ ಅಲ್ಲ. ಮಾಲೀಕ ದೂರು ಕೊಡಲ್ಲ, ಗಾಡಿ ಒಂದು ದಿನ ನಿಂತ್ರೆ ಬಾಡಿಗೆ ಹೋಗುತ್ತೆ. ಸ್ವಂತದ್ದು ತಗೊಂಡ್ರೂ ಸೆಕೆಂಡ್ ಹ್ಯಾಂಡು, ಮೂರನೇ ಕೈ, ಏಳು ವರ್ಷ ಎಂದೋ ದಾಟಿರುತ್ತೆ. ಆರ್‌ಸಿ ಇನ್ನೂ ಹಳೇ ಓನರ್ ಹೆಸರಲ್ಲೇ ಇದ್ರೆ ಕಂಪನಿ ಕಳಿಸಿದ ಪತ್ರ ಅವನ ಮನೆಗೇ ಹೋಗುತ್ತೆ. ಕೊನೆಗೆ ಒಂದಿನ ಅಪಘಾತ ಆದ್ರೆ ಎಫ್‌ಐಆರ್‌ನಲ್ಲಿ ಬರೋದು ಒಂದೇ ಸಾಲು, "ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿ". ಕಂಪನಿ ಬಚಾವ್, ಓನರ್ ಬಚಾವ್, ಜೈಲಿಗೆ ಡ್ರೈವರು.

ಬೇರೆ ದೇಶದಲ್ಲಿ ಇದು ಹೇಗೆ ನಡೆಯುತ್ತೆ ಅಂತಾನೂ ನೋಡೋಣ. ಅಮೆರಿಕದಲ್ಲಿ 1966ರಲ್ಲೇ ವಾಹನ ಸುರಕ್ಷತಾ ಕಾಯ್ದೆ ಬಂತು. ಅಲ್ಲಿನ ಎನ್‌ಎಚ್‌ಟಿಎಸ್‌ಎ ಅನ್ನೋ ಸಂಸ್ಥೆಗೆ ಯಾರು ಬೇಕಾದ್ರೂ ದೂರು ಕೊಡಬಹುದು. ಕೊಟ್ಟವರ ಗುರುತು ಮರೆಮಾಡಿ ದೂರನ್ನ ಎಲ್ಲರೂ ಓದೋ ಹಾಗೆ ಇಡ್ತಾರೆ. 15 ವರ್ಷದ ತನಕದ ಗಾಡಿಗೆ ರೀಕಾಲ್ ರಿಪೇರಿ ಉಚಿತ. ಅಲ್ಲೇನು ಸ್ವರ್ಗ ಇಲ್ಲ. ಜನರಲ್ ಮೋಟಾರ್ಸ್ ಕಂಪನಿಯ ಕಾರುಗಳಲ್ಲಿ ಕೀಲಿ ಹಾಕೋ ಸ್ವಿಚ್ಚಿನ ದೋಷದಿಂದ ಓಡ್ತಾ ಇದ್ದಾಗಲೇ ಇಂಜಿನ್ ಆಫ್ ಆಗ್ತಿತ್ತು, ಏರ್‌ಬ್ಯಾಗೂ ಬಿಚ್ಚಿಕೊಳ್ತಿರಲಿಲ್ಲ. ಕಂಪನಿ 2006ರಲ್ಲೇ ಆ ಭಾಗವನ್ನ ಬದಲಾಯಿಸಿತ್ತು, ಆದರೆ ಭಾಗದ ನಂಬರ್ ಬದಲಾಯಿಸಲಿಲ್ಲ. ಮಗಳನ್ನ ಕಳ್ಕೊಂಡ ಒಂದು ಮನೆಯವರು ಕೇಸ್ ಹಾಕಿ, ಅವರ ಕಡೆಯ ಇಂಜಿನಿಯರ್ ಹಳೇ ಸ್ವಿಚ್ಚು ಹೊಸ ಸ್ವಿಚ್ಚು ಪಕ್ಕಪಕ್ಕ ಇಟ್ಟು ನೋಡಿದಾಗ ಗುಟ್ಟು ಹೊರಬಿತ್ತು. 2014ರಲ್ಲಿ ಸುಮಾರು 26 ಲಕ್ಷ ಕಾರು ವಾಪಸ್ ಕರೆಸಬೇಕಾಯ್ತು. ಪರಿಹಾರ ನಿಧಿಯವರೇ 124 ಸಾವನ್ನ ಒಪ್ಪಿಕೊಂಡರು. ಒಂದು ಮನೆಯವರ ಹಠ, ಅದರ ಜೊತೆಗೆ ದಾಖಲೆ. ಎರಡೂ ಬೇಕು.

ದಾಖಲೆ ಅಂದಾಗ ಬಾಬಾಸಾಹೇಬರು ನೆನಪಾಗ್ತಾರೆ. 1929ರಲ್ಲಿ ಬಾಂಬೆ ಸರ್ಕಾರದ ಸಮಿತಿಯ ಸದಸ್ಯರಾಗಿ ಓಡಾಡ್ತಿದ್ದಾಗ ಚಾಳೀಸಗಾಂವ್‌ನಲ್ಲಿ ಇಳಿದ್ರು. ಟಾಂಗಾದವನು ಟಾಂಗಾ ಕೊಟ್ಟ, ಆದರೆ ಅಸ್ಪೃಶ್ಯನನ್ನ ಕೂರಿಸ್ಕೊಂಡು ತಾನು ಓಡಿಸಲ್ಲ ಅಂದ. ಓಡಿಸಿ ಅಭ್ಯಾಸ ಇಲ್ಲದ ಕೇರಿಯ ಒಬ್ಬರು ಲಗಾಮು ಹಿಡಿದ್ರು. ಸೇತುವೆ ಮೇಲೆ ಟಾಂಗಾ ಕಲ್ಲಿಗೆ ತಾಗಿ ಬಾಬಾಸಾಹೇಬರು ಕೆಳಗೆ ಬಿದ್ದರು, ಕಾಲು ಮುರೀತು. ಕುದುರೆ, ಟಾಂಗಾ ನದಿಗೆ ಬಿದ್ದವು. ಇವತ್ತಿನ ಎಫ್‌ಐಆರ್ ಆಗಿದ್ರೆ "ಚಾಲಕನ ಅಜಾಗರೂಕತೆ" ಅಂತ ಬರೆದು ಮುಗಿಸ್ತಿದ್ರು. ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ನಿಜವಾದ ಕಾರಣ ಬರೆದಿಟ್ಟರು. ಆ ಅಪಘಾತದ ಕಾರಣ ಜಾತಿ. ಅವರು ಬರೀದಿದ್ದರೆ ನಮಗೆ ಗೊತ್ತೇ ಆಗ್ತಿರಲಿಲ್ಲ. ಇವತ್ತಿನ ಅಪಘಾತದ ವರದಿಗಳಲ್ಲಿ ವಾಹನ ಇದೆ, ವಯಸ್ಸಿದೆ, ಹೆಣ್ಣು-ಗಂಡು ಇದೆ. ಯಾಕೆ ಆ ಗಾಡಿ ಹತ್ತಿದ್ರು, ಯಾರು ಹತ್ತಿಸಿದ್ರು ಅನ್ನೋದಕ್ಕೆ ಜಾಗ ಇಲ್ಲ.

ಹಾಗಾದ್ರೆ ನಾವು ಮಾಡಬೇಕಾದ್ದೇನು? ನನಗೆ ಕಂಡ ದಾರಿ ಇಷ್ಟು.

ಒಂದು, 110ಎ ಸೆಕ್ಷನ್ನಲ್ಲೇ ಒಂದು ಬಾಗಿಲು ತೆರೆದಿದೆ. ದೋಷದ ಮಾಹಿತಿ ಮಾಲೀಕರಿಂದ ಬರಬಹುದು, ಟೆಸ್ಟಿಂಗ್ ಸಂಸ್ಥೆಯಿಂದ ಬರಬಹುದು, "ಬೇರೆ ಯಾವುದೇ ಮೂಲದಿಂದ" ಬರಬಹುದು ಅಂತಿದೆ. ಆ ಬೇರೆ ಮೂಲ ನಾವಾಗಬೇಕು. ಆಟೋ ಯೂನಿಯನ್, ಚಾಲಕರ ಸಂಘ, ದಲಿತ ಸಂಘಟನೆಗಳು ಒಂದೊಂದು ನೋಟ್‌ಬುಕ್ ಇಡಿ. ಗಾಡಿ ಮಾಡೆಲ್, ತಯಾರಾದ ವರ್ಷ, ಛಾಸಿ ನಂಬರ್, ಏನು ತೊಂದರೆ, ಯಾವತ್ತು, ಎಷ್ಟು ಕಿ.ಮೀ. ಓಡಿತ್ತು, ಶೋರೂಮಿನವರು ಏನಂದ್ರು. ಒಬ್ಬನ ದೂರು ಗೊಣಗಾಟ ಅಂತಾರೆ. ಒಂದೇ ಮಾಡೆಲಿನ ನಲವತ್ತು ದೂರು ಒಟ್ಟಿಗೆ ಹೋದ್ರೆ ಅದಕ್ಕೆ ಹೆಸರೇ ಬೇರೆ.

ಎರಡು, ನಮ್ಮ ನಿಗಮಗಳನ್ನ ಕೇಳೋಣ. 'ಐರಾವತ' ಯೋಜನೇಲಿ ಟ್ಯಾಕ್ಸಿಗೆ 5 ಲಕ್ಷ ರೂ. ತನಕ, 'ಸ್ವಾವಲಂಬಿ ಸಾರಥಿ'ಯಲ್ಲಿ ಪರಿಶಿಷ್ಟರಿಗೆ ಶೇ. 75 ಅಥವಾ ಗರಿಷ್ಠ 4 ಲಕ್ಷ ರೂ. ಸಬ್ಸಿಡಿ ಕೊಟ್ಟು ನಮ್ಮ ಹುಡುಗರ ಕೈಗೆ ಗಾಡಿ ಕೊಡಿಸೋದು ಸರ್ಕಾರ. ನಮ್ಮ ಪಾಲಿನ ದುಡ್ಡು ಅದು. ಹತ್ತು ರೂಪಾಯಿಯ ಆರ್‌ಟಿಐ ಅರ್ಜಿ ಹಾಕಿ (ಬಿಪಿಎಲ್ ಕಾರ್ಡ್ ಇದ್ರೆ ಅದೂ ಬೇಡ): ಸಬ್ಸಿಡಿ ಕೊಟ್ಟ ಗಾಡಿಗಳು ಯಾವ್ಯಾವ ಮಾಡೆಲ್? ಅವುಗಳಲ್ಲಿ ಯಾವುದಕ್ಕೆ ಕ್ರ್ಯಾಶ್ ಟೆಸ್ಟ್ ಫಲಿತಾಂಶ ಇದೆ? ಯಾವುದು ರೀಕಾಲ್ ಆಗಿದೆ, ಅದನ್ನ ಫಲಾನುಭವಿಗಳಿಗೆ ತಿಳಿಸಿದ್ದೀರಾ? ಚೆಕ್ ವಿತರಣೆಯ ಫೋಟೋ ತೆಗೆಸಿಕೊಂಡ ಮೇಲೆ ನಿಗಮದ ಕೆಲಸ ಮುಗೀಬಾರದು. ಇಡೀ ಜಿಲ್ಲೆಯ ಫಲಾನುಭವಿಗಳ ದೂರು ಒಟ್ಟು ಮಾಡಿ ಕೇಂದ್ರಕ್ಕೆ ಕಳಿಸೋ ಶಕ್ತಿ ಇರೋದು ನಿಗಮಕ್ಕೆ.

ಮೂರು, ಗಾಡಿ ಓಡಿಸೋ ತಮ್ಮಂದಿರೇ, ಆರ್‌ಸಿಯಲ್ಲಿರೋ ಛಾಸಿ ನಂಬರ್ ಹಿಡ್ಕೊಂಡು ಕಂಪನಿ ವೆಬ್‌ಸೈಟಲ್ಲೋ ಸರ್ವಿಸ್ ಸೆಂಟರಲ್ಲೋ "ಇದಕ್ಕೆ ರೀಕಾಲ್ ಇದೆಯಾ" ಅಂತ ಕೇಳಿ. ಸೆಕೆಂಡ್ ಹ್ಯಾಂಡ್ ತಗೊಳ್ಳೋ ಮುಂಚೆ ಕೇಳಿ. ಇದ್ರೆ ರಿಪೇರಿ ಕಂಪನಿ ಖರ್ಚು, ನಿಮ್ಮದಲ್ಲ. ದೋಷ ಕಂಡ್ರೆ ಸಾರಿಗೆ ಸಚಿವಾಲಯದ ಪೋರ್ಟಲ್‌ನಲ್ಲಿ ದೂರು ಹಾಕಿ, ಸ್ಕ್ರೀನ್‌ಶಾಟ್ ಇಟ್ಕೊಳ್ಳಿ.

ನಾಲ್ಕು, "ಇದು ಕಮರ್ಷಿಯಲ್ ಗಾಡಿ, ನೀನು ಗ್ರಾಹಕ ಅಲ್ಲ" ಅಂತ ಹೆದರಿಸ್ತಾರೆ. ಹೆದರಬೇಡಿ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯೋಕೆ ತಗೊಂಡ ಗಾಡಿ ಆದ್ರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ಗ್ರಾಹಕರೇ. ಗಾಡಿಗೆ ಕೊಟ್ಟಿದ್ದು 5 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗದಲ್ಲಿ ಫೀಸೂ ಇಲ್ಲ. ಎರಡು ವರ್ಷದೊಳಗೆ ಹೋಗಬೇಕು. ಸಹಾಯವಾಣಿ ನಂಬರ್ 1915.

ಐದು, ಅಪಘಾತ ಆದ ಮನೆಗೆ ಸಾಂತ್ವನ ಹೇಳೋಕೆ ಹೋದಾಗ ಒಂದು ಕಾಗದ ಕೇಳಿ ಪಡೀರಿ. ಆರ್‌ಟಿಓ ಇನ್ಸ್‌ಪೆಕ್ಟರ್ ಗಾಡಿ ನೋಡಿ ಕೊಡೋ ಐಎಂವಿ ರಿಪೋರ್ಟು. ಗಾಡೀಲಿ ಯಾಂತ್ರಿಕ ದೋಷ ಇತ್ತಾ ಇಲ್ವಾ ಅಂತ ಅದರಲ್ಲಿ ಬರೆದಿರ್ತಾರೆ. ಕಣ್ಣಾಡಿಸಿ ಬರೆದ್ರಾ, ಬಿಚ್ಚಿ ನೋಡಿ ಬರೆದ್ರಾ ಅಂತ ನಮ್ಮ ವಕೀಲ ಗೆಳೆಯರು ಪ್ರಶ್ನೆ ಮಾಡಲಿ.

ಇದೆಲ್ಲ ಮಾಡಿದ ಮೇಲೂ ಸರ್ಕಾರಕ್ಕೆ ನಮ್ಮ ಹಕ್ಕೊತ್ತಾಯ ಇದ್ದೇ ಇರುತ್ತೆ. ಮಿನಿ ಗೂಡ್ಸ್ ಮತ್ತು ಆಟೋಗಳಿಗೂ ಸುರಕ್ಷತೆಯ ಸ್ಟಾರ್ ಬರಲಿ. ರೀಕಾಲ್ ದೂರಿನಲ್ಲಿ ಡ್ರೈವರ್ ಮಾತಿಗೂ ಲೆಕ್ಕ ಇರಲಿ. ಏಳು ವರ್ಷದ ಗೆರೆ ಅಳಿಸಲಿ. ಕೂಲಿಕಾರರ ಹೊತ್ತಿಗೆ ಬಸ್ ಬಿಡಲಿ. ಸತ್ತ ಮೇಲೆ ಎರಡು ಲಕ್ಷದ ಚೆಕ್ ಹಿಡ್ಕೊಂಡು ಬರೋರಿಗೆ ಬದುಕಿದ್ದಾಗ ಬ್ರೇಕ್ ಸರಿ ಇದೆಯಾ ಅಂತ ನೋಡೋಕೆ ಏನು ಕಷ್ಟ?

ನಿಮ್ಮ ಊರಲ್ಲಿ ಇಂಥ ನೋಟ್‌ಬುಕ್ ಶುರು ಮಾಡೋರು ಕಮೆಂಟಲ್ಲಿ ತಾಲ್ಲೂಕಿನ ಹೆಸರು ಹಾಕಿ. ಆರ್‌ಟಿಐ ಅರ್ಜಿಯ ನಮೂನೆ ಬರೆದು ಕೊಡೋ ಜವಾಬ್ದಾರಿ ನನ್ನದು.

ಜೈ ಭೀಮ್.